ಹಳಸಿದ ಮೆಸೇಜು ಮೋಟರ್ ಓಡಿಸಬಾರದು ಅಂದರೆ

ಮಾಗಡಿ ಕಡೆಯ ಗೌಡರೊಬ್ಬರ ಬೋರ್‌ವೆಲ್ ಮೋಟರ್ ಸುಟ್ಟಿದ್ದು ನನ್ನ ಬೋರ್ಡಿನಿಂದ. ಕಾಮಾಕ್ಷಿಪಾಳ್ಯದಲ್ಲಿ ಅಪ್ಪನದು ಮೋಟರ್ ರಿವೈಂಡಿಂಗ್ ಅಂಗಡಿ. ಕೆಳಗೆ ಅವರು ಕಾಯಿಲ್ ಸುತ್ತುತ್ತಾರೆ, ಮೇಲಿನ ಅಟ್ಟದಲ್ಲಿ ಕೂತು ನಾನು ಎಸ್ಸೆಮ್ಮೆಸ್ ಕಳಿಸಿದರೆ ಮೋಟರ್ ಆನ್ ಆಗುವ ಸ್ಟಾರ್ಟರ್ ಬೋರ್ಡು ಮಾಡುತ್ತೇನೆ. ನಾನು ಸುಡಿಸಿದ್ದನ್ನು ಅಪ್ಪ ಸುತ್ತಿ ಕೊಡುವುದು ಒಳ್ಳೆ ವ್ಯಾಪಾರ ಅಂತ ಪಕ್ಕದ ಲೇತ್ ಅಂಗಡಿಯವರು ಇವತ್ತಿಗೂ ರೇಗಿಸುತ್ತಾರೆ.

ಆಗಿದ್ದು ಹೀಗೆ. ಸಂಜೆ 6 ಗಂಟೆ ಸುಮಾರಿಗೆ ಗೌಡರು ಮನೆಯಿಂದ ‘ಆನ್’ ಅಂತ ಮೆಸೇಜು ಕಳಿಸಿದ್ದಾರೆ. ಮೋಟರ್ ಓಡಲಿಲ್ಲ. ತೋಟಕ್ಕೆ ತ್ರೀ ಫೇಸ್ ಇರಲಿಲ್ಲ. ಪಂಪ್‌ಸೆಟ್ಟಿಗೆ ದಿನಕ್ಕೆ 7 ಗಂಟೆ ಕರೆಂಟು, ಅದೂ ಹಗಲಿಗೆ ಒಂದಿಷ್ಟು ರಾತ್ರಿಗೆ ಒಂದಿಷ್ಟು. ಬೋರ್ಡಿಗೆ ನಾನು ಬ್ಯಾಟರಿ ಕೊಟ್ಟಿರಲಿಲ್ಲ, ಹಾಗಾಗಿ ಅದರೊಳಗಿನ ಸಿಮ್ಮೂ ಸತ್ತಿತ್ತು. ಗೌಡರು ಇನ್ನೂ ಮೂರು ಸಲ ಆನ್ ಕಳಿಸಿ, ಬೇಜಾರಾಗಿ, ಯಾವುದಕ್ಕೂ ಇರಲಿ ಅಂತ ಕೊನೆಗೊಂದು ‘ಆಫ್’ ಕಳಿಸಿ ಮಲಗಿದರು. ರಾತ್ರಿ 2ಕ್ಕೆ ಕರೆಂಟು ಬಂತು. ಬೋರ್ಡು ಎದ್ದಿತು, ಸಿಮ್ಮು ನೆಟ್‌ವರ್ಕ್ ಹಿಡಿಯಿತು, ಎಂಟು ಗಂಟೆ ಹಿಂದಿನ ಮೆಸೇಜುಗಳು ಒಂದರ ಹಿಂದೊಂದು ಬಂದು ಬಿದ್ದವು. ಅದರಲ್ಲಿ ಆಫ್ ಮೊದಲು ಬಂತು, ಒಂದು ಆನ್ ಕೊನೆಗೆ ಬಂತು. ಆ ಬೋರಿನಲ್ಲಿ ನೀರು ಇರುವುದೇ 40 ನಿಮಿಷಕ್ಕೆ. ಬೆಳಗಿನ ತನಕ ಒಣ ಓಡಿ 7.5 ಎಚ್‌ಪಿ ಮೋಟರಿನ ವೈಂಡಿಂಗ್ ಕಪ್ಪಾಯಿತು.

“ಆಫ್ ಅಂತಾನೂ ಕಳ್ಸಿದ್ದೆ ಕಣಮ್ಮ, ನೋಡು ಬೇಕಾದ್ರೆ” ಅಂತ ಗೌಡರು ಫೋನನ್ನು ನನ್ನ ಮುಖದ ಮುಂದೆ ಹಿಡಿದರು. ಐದಕ್ಕೆ ಐದೂ ‘ಸೆಂಟ್’ ಅಂತಲೇ ತೋರಿಸುತ್ತಿತ್ತು. ಪೈಪು ಎತ್ತಿಸಿದ ಖರ್ಚು ಅವರದು, ಸುತ್ತಿದ ಕೂಲಿ ನನ್ನದು ಅಂತ ಅಪ್ಪ ಪಂಚಾಯಿತಿ ಮಾಡಿದರು.

ಆಮೇಲೆ ಕೂತು ಎಸ್ಸೆಮ್ಮೆಸ್ ಹೇಗೆ ಓಡಾಡುತ್ತದೆ, ಎಷ್ಟು ಹೊತ್ತು ಬದುಕಿರುತ್ತದೆ, ಅದನ್ನು ಸಾಯಿಸುವುದು ಯಾರ ಕೈಲಿದೆ ಅನ್ನುವುದನ್ನು ಬುಡದಿಂದ ಕಲಿತೆ. ಮೋಟರ್, ಸಂಪು, ಗೇಟು, ಅಲಾರಂ ಯಾವುದಕ್ಕಾದರೂ ಮೆಸೇಜು ಕಟ್ಟುವವರಿಗೆ ಇದು ಬೇಕು. ಅಂಥ ಕೆಲಸ ಮಾಡದವರಿಗೂ ಓಟಿಪಿ ಯಾಕೆ ತಡವಾಗುತ್ತದೆ ಅನ್ನುವುದು ಇದರಲ್ಲೇ ತಿಳಿಯುತ್ತದೆ.

ಮೆಸೇಜು ಎಲ್ಲಿ ಕಾಯುತ್ತದೆ

ಅಣ್ಣ ತುಮಕೂರಿನ ಹಾಸ್ಟೆಲಿನಲ್ಲಿದ್ದಾಗ ಅಮ್ಮ ಬಸ್ಸಿನ ಕಂಡಕ್ಟರ್ ಕೈಲಿ ಬುತ್ತಿ ಕಳಿಸುತ್ತಿದ್ದಳು. ಬುತ್ತಿ ಕಂಡಕ್ಟರ್ ಕೈಗೆ ಹೋದರೆ ಅಮ್ಮನ ಕೆಲಸ ಮುಗಿಯಿತು. ಅಣ್ಣ ಬಸ್‌ಸ್ಟ್ಯಾಂಡಿಗೆ ಬಂದಿಲ್ಲ ಅಂದರೆ ಬುತ್ತಿ ಅಲ್ಲೇ ಯಾವುದೋ ಅಂಗಡಿಯಲ್ಲಿ ಕೂರುತ್ತಿತ್ತು. ಎಸ್ಸೆಮ್ಮೆಸ್ಸೂ ಹಾಗೇ. ನಿಮ್ಮ ಫೋನಿನಿಂದ ಅದು ಸೀದಾ ಇನ್ನೊಂದು ಫೋನಿಗೆ ಹೋಗುವುದಿಲ್ಲ. ಮೊದಲು ನಿಮ್ಮ ಸಿಮ್ ಕಂಪನಿಯ ಮೆಸೇಜ್ ಸೆಂಟರಿಗೆ ಹೋಗುತ್ತದೆ. ಅದು ‘ಸರಿ, ಸಿಕ್ಕಿತು’ ಅಂದ ಕೂಡಲೇ ನಿಮ್ಮ ಫೋನು ‘ಸೆಂಟ್’ ಅಂತ ತೋರಿಸುತ್ತದೆ. ಗೌಡರಿಗೆ ಕಂಡಿದ್ದು ಕಂಡಕ್ಟರ್ ಬುತ್ತಿ ಇಸಕೊಂಡಿದ್ದು ಮಾತ್ರ.

ಸೆಂಟರ್ ಆಮೇಲೆ ಆ ಕಡೆಯ ಕಂಪನಿಯ ಎಚ್‌ಎಲ್‌ಆರ್ ಅನ್ನುವ ರಿಜಿಸ್ಟರನ್ನು ಕೇಳುತ್ತದೆ: ಈ ಸಿಮ್ಮು ಸದ್ಯ ಯಾವ ಸೀಮೆಯಲ್ಲಿದೆ? ಉತ್ತರ ಬಂದರೆ ಆ ಸೀಮೆಯ ಟವರುಗಳು ಸಿಮ್ಮನ್ನು ಕೂಗಿ ಕರೆಯುತ್ತವೆ. ಸಿಮ್ಮು ಓಗೊಟ್ಟರೆ ಎರಡು ಮೂರು ಸೆಕೆಂಡಿನಲ್ಲಿ ಕೆಲಸ ಮುಗಿಯಿತು. ಓಗೊಡಲಿಲ್ಲ ಅಂದರೆ ಸೆಂಟರ್ ಮೆಸೇಜನ್ನು ಇಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನಿಸುತ್ತದೆ, ಮೊದಮೊದಲು ಬೇಗ ಬೇಗ, ಆಮೇಲೆ ದೂರ ದೂರ. ಎಷ್ಟು ಹೊತ್ತಿಗೊಮ್ಮೆ ಅನ್ನುವುದು ಒಂದೊಂದು ಕಂಪನಿಯದು ಒಂದೊಂದು ಲೆಕ್ಕ.

ನನ್ನ ಮೋಟರಿಗೆ ಮುಳುವಾದದ್ದು ಇದರ ಮುಂದಿನ ಭಾಗ. ಸಿಮ್ಮು ಸಿಗಲಿಲ್ಲ ಅಂತಾದಾಗ ಎಚ್‌ಎಲ್‌ಆರ್ ತನ್ನ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತದೆ: ಈ ಸಿಮ್ಮಿಗೆ ಇಂಥ ಸೆಂಟರಿನಲ್ಲಿ ಮೆಸೇಜು ಕಾದಿದೆ. ಸಿಮ್ಮು ಮತ್ತೆ ನೆಟ್‌ವರ್ಕಿಗೆ ಬಂತೋ, ಎಚ್‌ಎಲ್‌ಆರ್ ತಕ್ಷಣ ಸೆಂಟರನ್ನು ಎಬ್ಬಿಸುತ್ತದೆ, ಸೆಂಟರ್ ಮುಂದಿನ ಸರದಿಗೆ ಕಾಯದೆ ಇದ್ದುದನ್ನೆಲ್ಲ ಸುರಿಯುತ್ತದೆ. ವಿಮಾನದಿಂದ ಇಳಿದು ಫ್ಲೈಟ್ ಮೋಡ್ ತೆಗೆದಾಗ ಮೆಸೇಜುಗಳು ದಬದಬ ಬೀಳುವುದು ಇದೇ ಕಾರಣಕ್ಕೆ. ಮನುಷ್ಯರಿಗೆ ಇದು ಉಪಕಾರ. ಕರೆಂಟು ಬಂದ ಕ್ಷಣದಲ್ಲೇ ಎದ್ದೇಳುವ ಬೋರ್ಡಿಗೆ ಅಪಾಯ, ಯಾಕೆಂದರೆ ಮೋಟರ್ ಓಡಬಲ್ಲ ಹೊತ್ತಿಗೇ ಸರಿಯಾಗಿ ಹಳೇ ಹುಕುಮೆಲ್ಲ ಬರುತ್ತದೆ. ಬಂದದ್ದು ಕಳಿಸಿದ ಕ್ರಮದಲ್ಲೇ ಇರುತ್ತದೆ ಅನ್ನುವ ಭರವಸೆಯೂ ಇಲ್ಲ. ಪ್ರತಿ ಮೆಸೇಜೂ ಬೇರೆ ಬೇರೆ ಬುತ್ತಿ.

63 ವಾರ ಬದುಕುವ ಮೆಸೇಜು

ಪ್ರತಿ ಎಸ್ಸೆಮ್ಮೆಸ್ ಮೇಲೂ ‘ಇಷ್ಟು ಹೊತ್ತಿನ ಮೇಲೆ ನನ್ನನ್ನು ಎಸೆದುಬಿಡಿ’ ಅಂತ ಬರೆಯುವುದಕ್ಕೆ ಜಾಗ ಇದೆ. ವ್ಯಾಲಿಡಿಟಿ ಅಂತಾರೆ. ರೀಚಾರ್ಜಿನ ವ್ಯಾಲಿಡಿಟಿ ಬೇರೆ, ಇದು ಬೇರೆ. ಮೊಸರನ್ನ ಇಷ್ಟು ಹೊತ್ತು ತಡೆಯುತ್ತದೆ, ಚಪಾತಿ ಇಷ್ಟು ಹೊತ್ತು ಅಂತ ಅಮ್ಮ ಬುತ್ತಿ ಮೇಲೆ ಚೀಟಿ ಅಂಟಿಸಿದ ಹಾಗೆ. ಸೆಂಟರಿಗೆ ಮೆಸೇಜು ಮುಟ್ಟಿದ ಗಳಿಗೆಯಿಂದ ಲೆಕ್ಕ ಶುರು. ಅವಧಿ ಮುಗಿಯುವುದರೊಳಗೆ ತಲುಪದಿದ್ದರೆ ಸೆಂಟರ್ ಅದನ್ನು ಅಳಿಸಿಹಾಕುತ್ತದೆ.

ಈ ಜಾಗ ಒಂದೇ ಒಂದು ಬೈಟ್, ಅಂದರೆ 0ಯಿಂದ 255ರ ತನಕ ಒಂದು ಅಂಕಿ. ಅಷ್ಟರಲ್ಲೇ ನಿಮಿಷ, ಗಂಟೆ, ದಿನ, ವಾರ ಎಲ್ಲ ತುರುಕಿದ್ದಾರೆ. 143ರ ತನಕ ಅಂಕಿಗೆ ಒಂದು ಕೂಡಿ 5ರಿಂದ ಗುಣಿಸಿದರೆ ನಿಮಿಷ ಬರುತ್ತದೆ. ಹಾಗಾಗಿ 0 ಅಂದರೆ 5 ನಿಮಿಷ, 11 ಅಂದರೆ 1 ಗಂಟೆ, 71 ಅಂದರೆ 6 ಗಂಟೆ, 143 ಅಂದರೆ 12 ಗಂಟೆ. ಅಲ್ಲಿಂದ 167ರ ತನಕ ಅರ್ಧರ್ಧ ಗಂಟೆ ಏರುತ್ತದೆ. 167ಕ್ಕೆ ಸರಿಯಾಗಿ 24 ಗಂಟೆ. 168ರಿಂದ 196ರ ತನಕ 166 ಕಳೆದರೆ ದಿನ: 169 ಅಂದರೆ 3 ದಿನ, 173 ಅಂದರೆ ಒಂದು ವಾರ, 196 ಅಂದರೆ 30 ದಿನ. ಅದರ ಮೇಲೆ 192 ಕಳೆದರೆ ವಾರ, ಕೊನೆಯ 255 ಅಂದರೆ 63 ವಾರ. ಬಸವನಗುಡಿ ಕಡಲೆಕಾಯಿ ಪರಿಷೆಯಲ್ಲಿ ನಿಂತು ಕಳಿಸಿದ ಮೆಸೇಜು ಮುಂದಿನ ವರ್ಷದ ಪರಿಷೆ ಮುಗಿದ ಮೇಲೂ ಬದುಕಿರಬಹುದು, ಕಾಗದದ ಮೇಲೆ.

ಕಾಗದದ ಮೇಲೆ ಅಂದೆ, ಯಾಕೆಂದರೆ ನೀವು ಕೇಳಿದ್ದಷ್ಟನ್ನೂ ಕಂಪನಿ ಕೊಡಬೇಕೆಂದಿಲ್ಲ. ಸೆಂಟರಿಗೆ ತನ್ನದೇ ಗರಿಷ್ಠ ಮಿತಿ ಇರುತ್ತದೆ. 63 ವಾರ ಕೇಳಿದರೂ ಅದು ಕೆಲವೇ ದಿನಕ್ಕೆ ಕತ್ತರಿಸಬಹುದು. ಏನೂ ಬರೆಯದೆ ಕಳಿಸಿದರೆ ತನಗೆ ತೋಚಿದ ಅವಧಿ ಹಾಕಿಕೊಳ್ಳುತ್ತದೆ. ನನ್ನ ಕೆಲಸಕ್ಕೆ ಬೇಕಾದ್ದು ಉದ್ದ ಅಲ್ಲವಲ್ಲ, ಗಿಡ್ಡ. ನಿಮ್ಮ ಕಂಪನಿ ಗಿಡ್ಡ ಅವಧಿಯನ್ನು ಪಾಲಿಸುತ್ತದೋ ಇಲ್ಲವೋ ಅನ್ನುವುದನ್ನು ಪರೀಕ್ಷೆ ಮಾಡಿಯೇ ನೋಡಬೇಕು. ಹೇಗೆ ಅಂತ ಕೊನೆಗೆ ಬರೆದಿದ್ದೇನೆ.

ಮೊದಲ ಎಸ್ಸೆಮ್ಮೆಸ್ ಹೋದದ್ದು 1992ರ ಡಿಸೆಂಬರ್ 3ರಂದು, ಇಂಗ್ಲೆಂಡಿನಲ್ಲಿ. ನೀಲ್ ಪ್ಯಾಪ್‌ವರ್ತ್ ಅನ್ನುವ ಎಂಜಿನಿಯರ್ ಕಂಪ್ಯೂಟರಿನಿಂದ ‘ಮೆರಿ ಕ್ರಿಸ್‌ಮಸ್’ ಅಂತ ಕಳಿಸಿದ್ದು. ಮೂರು ವಾರ ಮುಂಚೆಯೇ ಕಳಿಸಿದ ಹಾರೈಕೆ. ಆ ಮೆಸೇಜು 22 ದಿನ ತಡವಾಗಿ ಮುಟ್ಟಿದ್ದರೂ ಯಾರಿಗೂ ನಷ್ಟ ಇರಲಿಲ್ಲ.

ಅವಧಿ ಹಾಕುವುದು ಎಲ್ಲಿ

ಹಳೇ ನೋಕಿಯಾ ಕೀಪ್ಯಾಡ್ ಫೋನುಗಳಲ್ಲಿ ಮೆಸೇಜ್ ಸೆಟ್ಟಿಂಗಿನೊಳಗೆ ‘ಮೆಸೇಜ್ ವ್ಯಾಲಿಡಿಟಿ’ ಅಂತ ಇತ್ತು: 1 ಗಂಟೆ, 6 ಗಂಟೆ, 24 ಗಂಟೆ, 72 ಗಂಟೆ, 1 ವಾರ, ಗರಿಷ್ಠ. ಒಂದು ಕಾಲಕ್ಕೆ ನಾವೆಲ್ಲ ಆ ಮೆನು ದಾಟಿ ಹೋದವರೇ, ಯಾರೂ ಮುಟ್ಟಲಿಲ್ಲ. ಈಗಿನ ಸ್ಮಾರ್ಟ್‌ಫೋನುಗಳಲ್ಲಿ ಅದನ್ನು ಮುಚ್ಚಿಟ್ಟಿದ್ದಾರೆ. ಐಫೋನಿನಲ್ಲಿ ಇಲ್ಲವೇ ಇಲ್ಲ. ಆಂಡ್ರಾಯ್ಡ್‌ನಲ್ಲಿ *#*#4636#*#* ಒತ್ತಿದರೆ ಎಷ್ಟೋ ಫೋನುಗಳಲ್ಲಿ ಮೆಸೇಜ್ ಸೆಂಟರಿನ ನಂಬರ್ ಕಾಣುತ್ತದೆ, ಅಷ್ಟೇ. ಅದನ್ನು ಸುಮ್ಮನೆ ತಿದ್ದಲು ಹೋಗಬೇಡಿ, ತಪ್ಪಿದರೆ ಒಂದು ಮೆಸೇಜೂ ಹೊರಡುವುದಿಲ್ಲ. ಮನೆಯಲ್ಲಿ ಹಳೇ ಕೀಪ್ಯಾಡ್ ಫೋನಿದ್ದರೆ ಮೋಟರಿನ ಮೆಸೇಜಿಗೆ ಅದನ್ನೇ ಮೀಸಲಿಡಿ, ವ್ಯಾಲಿಡಿಟಿ 1 ಗಂಟೆ ಮಾಡಿ.

ಬೋರ್ಡಿನಿಂದ ಹೊರಡುವ ಮೆಸೇಜಿನಲ್ಲಾದರೆ ಅಧಿಕಾರ ಪೂರ್ತಿ ನಮ್ಮದು. ಬೋರ್ಡಿನೊಳಗೆ ಸಿಮ್ ಕೂತು ಮೆಸೇಜು ಕಳಿಸುವ, ಪಡೆಯುವ ಭಾಗಕ್ಕೆ ಮಾಡ್ಯೂಲ್ ಅಂತಾರೆ. ಎಸ್‌ಪಿ ರೋಡಿನಲ್ಲಿ ಸಿಗುವ ಸಿಮ್800 ಮಾಡ್ಯೂಲ್ ಇರಲಿ, ಹೊಸ 4ಜಿ ಮಾಡ್ಯೂಲ್ ಇರಲಿ, ಕಮಾಂಡು ಒಂದೇ. (ಸಿಮ್800 ಬರೀ 2ಜಿ. ಜಿಯೋ ಸಿಮ್ ಹಾಕಿ ‘ಮೇಡಂ, ಮಾಡ್ಯೂಲ್ ಡೆಡ್’ ಅಂತ ಫೋನ್ ಮಾಡಬೇಡಿ, ಜಿಯೋಗೆ 2ಜಿ ಇಲ್ಲ.) ಕಮಾಂಡುಗಳನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಟೈಪ್ ಮಾಡುವಾಗ ಅದದೇ ಇಂಗ್ಲಿಷ್ ದೊಡ್ಡಕ್ಷರ ಹಾಕಿಕೊಳ್ಳಿ.

ಎಟಿ+ಸಿಎಸ್‌ಎಂಪಿ=17,167,0,0

ಮಾಡ್ಯೂಲ್ ಪೆಟ್ಟಿಗೆಯಿಂದ ಬರುವಾಗಲೇ ಹೀಗಿರುತ್ತದೆ. ಎರಡನೇ ಅಂಕಿ ನೋಡಿ, 167. ಅಂದರೆ ನೀವು ಏನೂ ಮಾಡದಿದ್ದರೆ ಪ್ರತಿ ಮೆಸೇಜೂ 24 ಗಂಟೆ ಬದುಕುತ್ತದೆ. ಇಂಟರ್ನೆಟ್ಟಿನಿಂದ ಎತ್ತಿದ ಕೋಡಿನಲ್ಲಿ ಈ ಸಾಲನ್ನು ಅರ್ಥ ತಿಳಿಯದೆ ಎಷ್ಟು ಸಲ ಅಂಟಿಸಿದ್ದೆನೋ, ಲೆಕ್ಕವಿಲ್ಲ. ಮೊದಲನೇ ಅಂಕಿ 17ರಲ್ಲಿ 1 ಅಂದರೆ ‘ಇದು ಕಳಿಸುವ ಮೆಸೇಜು’, 16 ಅಂದರೆ ‘ಅವಧಿಯನ್ನು ಒಂದು ಬೈಟಿನಲ್ಲಿ ಕೊಟ್ಟಿದ್ದೇನೆ’. ಅಲ್ಲಿ ಬರೀ 1 ಇದ್ದರೆ ಅವಧಿಯೇ ಹೋಗುವುದಿಲ್ಲ, ಎರಡನೇ ಅಂಕಿ ಏನಿದ್ದರೂ ವ್ಯರ್ಥ.

ನಾನು ಈಗ ಹಾಕುವುದು ಹೀಗೆ. ಬೋರ್ಡಿನಿಂದ ಯಜಮಾನರಿಗೆ ಹೋಗುವ ‘ಕರೆಂಟ್ ಬಂತು’, ‘ಮೋಟರ್ ಓಡ್ತಿದೆ’ ಅನ್ನುವಂಥದಕ್ಕೆ 11, ಅಂದರೆ ಒಂದು ಗಂಟೆ. ನಿನ್ನೆಯ ‘ಕರೆಂಟ್ ಬಂತು’ ಇವತ್ತು ಸಿಕ್ಕರೆ ಮನುಷ್ಯ ಸುಮ್ಮನೆ ತೋಟಕ್ಕೆ ಓಡುತ್ತಾನೆ. ‘ಮೋಟರ್ ಟ್ರಿಪ್ ಆಯ್ತು’, ‘ಒಂದು ಫೇಸ್ ಇಲ್ಲ’ ಅನ್ನುವುದಕ್ಕೆ 169, ಮೂರು ದಿನ. ಅದು ತಡವಾದರೂ ತಿಳಿಯಲೇಬೇಕು. ವಿಜಯನಗರದ ಒಂದು ಕಟ್ಟಡಕ್ಕೆ ಗೋಡೆಗೆ ಹಾಕುವ ಬಟನ್ ಪೆಟ್ಟಿಗೆ ಮಾಡಿಕೊಟ್ಟೆ, ಒತ್ತಿದರೆ ಇನ್ನೊಂದು ಬೀದಿಯ ಬೋರಿಗೆ ‘ಆನ್’ ಹೋಗುತ್ತದೆ. ಅದಕ್ಕೆ 0. ಐದು ನಿಮಿಷದಲ್ಲಿ ತಲುಪಿದರೆ ತಲುಪಲಿ, ಇಲ್ಲದಿದ್ದರೆ ಸಾಯಲಿ.

ತಲುಪಿತೋ ಸತ್ತಿತೋ ತಿಳಿಯಬೇಕಾದರೆ ಮೊದಲನೇ ಅಂಕಿಯನ್ನು 17ರ ಬದಲು 49 ಮಾಡಿ. ಆ ಹೆಚ್ಚುವರಿ 32 ಅಂದರೆ ಡೆಲಿವರಿ ರಿಪೋರ್ಟ್ ಬೇಕು ಅಂತ. ಜೊತೆಗೆ ಎಟಿ+ಸಿಎನ್‌ಎಂಐ=2,2,0,1,0 ಕೊಟ್ಟರೆ ರಿಪೋರ್ಟು +ಸಿಡಿಎಸ್ ಅನ್ನುವ ಸಾಲಾಗಿ ಬಂದು ಬೀಳುತ್ತದೆ. ಅದರ ಕೊನೆಯ ಅಂಕಿ ಮುಖ್ಯ: 0 ಇದ್ದರೆ ತಲುಪಿದೆ. 32, 33, 34 ಅಂತಿದ್ದರೆ ಸೆಂಟರ್ ಇನ್ನೂ ಒದ್ದಾಡುತ್ತಿದೆ. 70 ಬಂದರೆ ಅವಧಿ ಮುಗಿದು ಸತ್ತಿದೆ. ಮೊದಲ ಸಲ 70 ಕಂಡಾಗ ನಾನು ಅಪ್ಪನನ್ನು ಅಟ್ಟಕ್ಕೆ ಕೂಗಿ ತೋರಿಸಿದೆ. “ಇದಕ್ಯಾಕೆ ಇಷ್ಟು ಖುಷಿ, ಹೋಗಿಲ್ವಲ್ಲ?” ಅಂದರು.

ಬರುವ ಮೆಸೇಜಿನ ವಯಸ್ಸು ನೋಡುವುದು

ಗೌಡರ ಕೈಲಿರುವುದು ಸ್ಮಾರ್ಟ್‌ಫೋನು. ಅದರಿಂದ ಹೊರಡುವ ಮೆಸೇಜಿಗೆ ಅವಧಿ ಹಾಕುವ ದಾರಿ ಇಲ್ಲ. ಹಾಗಾಗಿ ಬಾಗಿಲಲ್ಲೇ ಕಾವಲು ಹಾಕಬೇಕು: ಬೋರ್ಡು ತಾನೇ ಮೆಸೇಜಿನ ವಯಸ್ಸು ಕೇಳಬೇಕು. ಇದು ಇಡೀ ಬರಹದ ಮುಖ್ಯ ಕೆಲಸ, ಬೇರೆ ಏನು ಬಿಟ್ಟರೂ ಇದನ್ನು ಬಿಡಬೇಡಿ.

ಪ್ರತಿ ಮೆಸೇಜಿನ ಜೊತೆಗೆ ಅದು ಸೆಂಟರಿಗೆ ಮುಟ್ಟಿದ ದಿನ, ಗಂಟೆ, ನಿಮಿಷ, ಸೆಕೆಂಡು ಮುದ್ರೆ ಹೊಡೆದು ಬಂದಿರುತ್ತದೆ. ಮಾಡ್ಯೂಲಿನಲ್ಲಿ ಅದು 24/06/12,18:14:05+22 ಅನ್ನುವ ಹಾಗೆ ಕಾಣುತ್ತದೆ. ಮೊದಲು ವರ್ಷ, ಆಮೇಲೆ ತಿಂಗಳು, ಆಮೇಲೆ ದಿನ. ಕೊನೆಯ +22 ನೋಡಿ ನಾನು ಬಹಳ ದಿನ ತಲೆ ಕೆರೆದುಕೊಂಡಿದ್ದೆ. ಅದು ಕಾಲು ಗಂಟೆಗಳ ಲೆಕ್ಕ: 22 ಕಾಲು ಅಂದರೆ ಐದೂವರೆ ಗಂಟೆ, ನಮ್ಮ ಭಾರತದ ಸಮಯ.

ಆ ಮುದ್ರೆಯನ್ನು ಬೋರ್ಡಿನ ಈಗಿನ ಗಡಿಯಾರದ ಜೊತೆ ಹೋಲಿಸಿ, ವ್ಯತ್ಯಾಸ 5 ನಿಮಿಷ ಮೀರಿದ್ದರೆ ‘ಆನ್’ ಅನ್ನು ತಿರಸ್ಕರಿಸಿ, ‘ಹಳೇ ಮೆಸೇಜು, ಮೋಟರ್ ಹಾಕಿಲ್ಲ, ಈಗ ಬೇಕಿದ್ದರೆ ಮತ್ತೆ ಕಳಿಸಿ’ ಅಂತ ಉತ್ತರ ಕಳಿಸಿದರೆ ಆಯಿತು. ಗಡಿಯಾರ ಸರಿ ಇರಬೇಕು, ತೊಡಕು ಅಲ್ಲೇ. ಎಟಿ+ಸಿಎಲ್‌ಟಿಎಸ್=1 ಕೊಟ್ಟರೆ ಸಿಮ್800 ನೆಟ್‌ವರ್ಕಿನಿಂದ ಸಮಯ ತೆಗೆದುಕೊಳ್ಳುತ್ತದೆ, ನೆಟ್‌ವರ್ಕ್ ಕೊಟ್ಟರೆ. ಕೊಡದ ಕಡೆ ಅದರ ಗಡಿಯಾರ 2004ರ ಜನವರಿ 1ರಲ್ಲೇ ಕೂತಿರುತ್ತದೆ. ಆಗ ಬರುವ ಪ್ರತಿ ಮೆಸೇಜೂ ಭವಿಷ್ಯದಿಂದ ಬಂದ ಹಾಗೆ ಕಾಣುತ್ತದೆ, ವ್ಯತ್ಯಾಸ ಮೈನಸ್ ಬರುತ್ತದೆ, ‘5 ನಿಮಿಷಕ್ಕಿಂತ ಕಡಿಮೆ’ ಅನ್ನುವ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಹೌದು, ಈ ತಪ್ಪನ್ನೂ ಮಾಡಿದ್ದೇನೆ, ಪುಣ್ಯಕ್ಕೆ ಟೇಬಲ್ಲಿನ ಮೇಲೆ.

ಇದಕ್ಕೊಂದು ಅಗ್ಗದ ಉಪಾಯ ಇದೆ. ಬೋರ್ಡು ಎದ್ದ ಕೂಡಲೇ ತನ್ನ ನಂಬರಿಗೆ ತಾನೇ ಒಂದು ಮೆಸೇಜು ಕಳಿಸಿಕೊಳ್ಳಲಿ, ಅವಧಿ 0 ಹಾಕಿ, ಒಳಗೆ ಯಾವುದಾದರೂ ಗುರುತಿನ ಸಂಖ್ಯೆ ಇಟ್ಟು. ಅದು ವಾಪಸ್ ಬಂದಾಗ ಅದರ ಮೇಲಿನ ಮುದ್ರೆಯೇ ಸರಿಯಾದ ಸಮಯ. ಅದನ್ನೇ ಗಡಿಯಾರಕ್ಕೆ ತುಂಬಿ. ಅಲ್ಲಿಯ ತನಕ ಯಾವ ‘ಆನ್’ ಬಂದರೂ ಕಿವಿ ಮುಚ್ಚಿಕೊಂಡಿರಬೇಕು. ಒಂದು ಮೆಸೇಜಿನ ಖರ್ಚು.

ಮುದ್ರೆ ಇನ್ನೊಂದು ಕೆಲಸಕ್ಕೂ ಉಪಯೋಗಕ್ಕೆ ಬರುತ್ತದೆ. ಕೆಲವೊಮ್ಮೆ ಮಾಡ್ಯೂಲ್ ‘ಸಿಕ್ಕಿತು’ ಅಂದದ್ದು ದಾರಿಯಲ್ಲಿ ಕಳೆದುಹೋಗಿ ಸೆಂಟರ್ ಅದೇ ಮೆಸೇಜನ್ನು ಎರಡನೇ ಸಲ ಕಳಿಸುತ್ತದೆ. ಮುದ್ರೆ ಅದೇ ಇರುತ್ತದೆ, ಆದ್ದರಿಂದ ಅದೇ ನಂಬರಿನಿಂದ ಅದೇ ಮುದ್ರೆಯ ಮೆಸೇಜು ಮತ್ತೆ ಬಂದರೆ ಬಿಟ್ಟುಬಿಡಿ. ಒಂದು ಸಲ ಬಂದರೆ ಆನ್, ಇನ್ನೊಂದು ಸಲ ಬಂದರೆ ಆಫ್ ಅನ್ನುವ ‘ಸ್ವಿಚ್’ ಥರದ ಕಮಾಂಡು ಇಟ್ಟವರಿಗೆ ಈ ಜೋಡಿ ಮೆಸೇಜು ಒಂದಲ್ಲ ಒಂದು ದಿನ ಕೈ ಕೊಡುತ್ತದೆ. ಅಂಥ ಕಮಾಂಡು ಇಡಲೇಬೇಡಿ. ಆನ್ ಮೆಸೇಜಿನಲ್ಲೇ ನಿಮಿಷ ಬರೆಸಿ: ‘ಆನ್ 40’. ಆಫ್ ಬರಲಿ ಬಿಡಲಿ, 40 ನಿಮಿಷಕ್ಕೆ ಮೋಟರ್ ನಿಲ್ಲುತ್ತದೆ.

ನನ್ನನ್ನು ಕೇಳಿದರೆ ಆನ್ ಮಾಡುವುದಕ್ಕೆ ಎಸ್ಸೆಮ್ಮೆಸ್ಸೇ ಬೇಡ. ಮಿಸ್ಡ್ ಕಾಲ್ ಕೊಡಿ. ಕರೆಯನ್ನು ಯಾರೂ ಇಟ್ಟುಕೊಂಡು ಆಮೇಲೆ ಕೊಡುವುದಿಲ್ಲ. ಬೋರ್ಡು ಸತ್ತಿದ್ದರೆ ‘ಸ್ವಿಚ್ ಆಫ್ ಆಗಿದೆ’ ಅಂತ ಆಗಲೇ ಕೇಳುತ್ತದೆ, ಕಾಸೂ ಇಲ್ಲ. ಆಫ್ ಮಾತ್ರ ಮೆಸೇಜಿನಲ್ಲಿರಲಿ. ತಡವಾಗಿ ಬಂದ ಆಫ್ ಸಿಟ್ಟು ತರಿಸುತ್ತದೆ, ಮೋಟರ್ ಸುಡುವುದಿಲ್ಲ. ಗೌಡರ ತೋಟದಲ್ಲಿ ಈಗ ಇರುವುದು ಇದೇ.

ಮೆಸೇಜು ಬರದೇ ಇರುವುದಕ್ಕೆ ಸಣ್ಣಪುಟ್ಟ ಕಾರಣಗಳು

ಸಿಮ್ಮಿನಲ್ಲಿ ಜಾಗ ತುಂಬುವುದು. ಸಿಮ್ಮಿಗೆ ಹಿಡಿಯುವುದು ಕೆಲವು ಹತ್ತು ಮೆಸೇಜು ಮಾತ್ರ, ಕಾಲರ್ ಟ್ಯೂನ್, ರೀಚಾರ್ಜ್ ಆಫರ್ ಅಂತ ಕಂಪನಿಯೇ ಅಷ್ಟನ್ನೂ ತುಂಬಿಸುತ್ತದೆ. ತುಂಬಿದ ಮೇಲೆ ಮಾಡ್ಯೂಲ್ ‘ಜಾಗ ಇಲ್ಲ’ ಅನ್ನುತ್ತದೆ, ಎಚ್‌ಎಲ್‌ಆರ್ ಅದನ್ನೂ ಬರೆದುಕೊಳ್ಳುತ್ತದೆ, ಜಾಗ ಖಾಲಿ ಆಯಿತು ಅಂತ ಮಾಡ್ಯೂಲ್ ಹೇಳುವ ತನಕ ನಿಮ್ಮ ಮೆಸೇಜು ಸೆಂಟರಿನಲ್ಲೇ ಕೊಳೆಯುತ್ತದೆ. ಸಿಗ್ನಲ್ ಫುಲ್ ಇದ್ದೂ ಬೋರ್ಡು ಮಾತು ಕೇಳುತ್ತಿಲ್ಲ ಅಂತ ಬಂದವರಲ್ಲಿ ಹೆಚ್ಚಿನವರದು ಇದೇ ರೋಗ. ಮೇಲೆ ಹೇಳಿದ ಸಿಎನ್‌ಎಂಐ ಸಾಲಿನಲ್ಲಿ ಎರಡನೇ 2 ಇದ್ದರೆ ಮೆಸೇಜು ಸಿಮ್ಮಿನಲ್ಲಿ ಕೂರದೆ ಸೀದಾ ನಿಮ್ಮ ಪ್ರೋಗ್ರಾಮಿಗೆ ಬರುತ್ತದೆ. ಆದರೂ ಬೋರ್ಡು ಎದ್ದಾಗಲೆಲ್ಲ ಒಮ್ಮೆ ಎಲ್ಲ ಅಳಿಸಿಬಿಡಿ.

ವೋಲ್ಟೇಜು. ಸಿಮ್800ಎಲ್‌ಗೆ 3.4ರಿಂದ 4.4 ವೋಲ್ಟ್ ಬೇಕು, ಟವರಿಗೆ ಕೂಗುವ ಕ್ಷಣದಲ್ಲಿ 2 ಆಂಪಿಯರ್ ತನಕ ಎಳೆಯುತ್ತದೆ. ಅಷ್ಟು ಕೊಡದ ಪವರ್ ಸಪ್ಲೈ ಇದ್ದರೆ ಮಾಡ್ಯೂಲ್ ಪದೇ ಪದೇ ಬಿದ್ದು ಏಳುತ್ತದೆ, ಪ್ರತಿ ಸಲ ಎದ್ದಾಗಲೂ ಬಾಕಿ ಮೆಸೇಜು ಸುರಿಯುತ್ತದೆ. ನೋಡುವವರಿಗೆ ನೆಟ್‌ವರ್ಕ್ ತಡ ಅನಿಸುತ್ತದೆ. ಪಕ್ಕದಲ್ಲೊಂದು 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ.

ಸಿಮ್ ಬದಲಿಸುವುದು. ಹಳೇ ಸಿಮ್ಮು ಕೆಟ್ಟು ಅದೇ ನಂಬರಿಗೆ ಹೊಸ ಸಿಮ್ ತಂದರೆ ಮೊದಲ 24 ಗಂಟೆ ಎಸ್ಸೆಮ್ಮೆಸ್ ಹೋಗದು, ಬಾರದು. ಸಿಮ್ ಕದ್ದು ಓಟಿಪಿ ಹೊಡೆಯುವವರನ್ನು ತಡೆಯಲು ದೂರಸಂಪರ್ಕ ಇಲಾಖೆ 2022ರಲ್ಲಿ ತಂದ ಕಟ್ಟಳೆ. ಗೊತ್ತಿಲ್ಲದೆ ನಾನು ನೆಲಮಂಗಲದ ತೋಟದಲ್ಲಿ ಇಡೀ ಮಧ್ಯಾಹ್ನ ಆಂಟೆನಾ ಬದಲಿಸುತ್ತ ಕೂತಿದ್ದೆ. ಆ ಮನೆಯ ಅಜ್ಜಿ ಮೂರು ಸಲ ಮಜ್ಜಿಗೆ ಕೊಟ್ಟರು, ನಾಲ್ಕನೇ ಸಲ “ನಾಳೆ ಬಾರವ್ವ” ಅಂದರು. ಮಾರನೆ ದಿನ ಏನೂ ಮಾಡದೆ ತಾನಾಗಿಯೇ ಸರಿಹೋಯಿತು.

ಕನ್ನಡ. ಇಂಗ್ಲಿಷಿನಲ್ಲಿ ಒಂದು ಎಸ್ಸೆಮ್ಮೆಸ್ಸಿಗೆ 160 ಅಕ್ಷರ ಹಿಡಿದರೆ ಕನ್ನಡದಲ್ಲಿ 70. ಅದೂ ನಾವು ಓದುವ ಅಕ್ಷರದ ಲೆಕ್ಕ ಅಲ್ಲ: ‘ನಮಸ್ಕಾರ’ ನಮಗೆ ನಾಲ್ಕು, ಫೋನಿಗೆ ಏಳು, ಯಾಕೆಂದರೆ ಒತ್ತು, ದೀರ್ಘ ಎಲ್ಲ ಬೇರೆ ಬೇರೆ ಎಣಿಕೆ. 70 ದಾಟಿದರೆ ಮೆಸೇಜು 67ರ ತುಂಡುಗಳಾಗುತ್ತದೆ, ಒಂದೊಂದು ತುಂಡೂ ಬೇರೆ ಮೆಸೇಜಾಗಿ ಪ್ರಯಾಣ ಮಾಡುತ್ತದೆ. ಒಂದು ತುಂಡು ದಾರಿಯಲ್ಲಿ ಅವಧಿ ಮುಗಿದು ಸತ್ತರೆ ಉಳಿದವು ಬಂದರೂ ಪೂರ್ತಿ ಮೆಸೇಜು ಜೋಡಿಸಲು ಆಗುವುದಿಲ್ಲ. ಗಿಡ್ಡ ಅವಧಿ ಹಾಕುವ ಮೆಸೇಜು ಗಿಡ್ಡವಾಗಿಯೇ ಇರಲಿ.

ಅಪಾರ್ಟ್‌ಮೆಂಟಿನವರಿಗೆ

ನೂರಾರು ಮನೆಗೆ ಒಟ್ಟಿಗೆ ಕಳಿಸುವವರು ಬಲ್ಕ್ ಎಸ್ಸೆಮ್ಮೆಸ್ ಕಂಪನಿಗಳ ಮೂಲಕ ಹೋಗುತ್ತಾರೆ. ಡಿಎಲ್‌ಟಿ ಅನ್ನುವ ನೋಂದಣಿ ವ್ಯವಸ್ಥೆಯಲ್ಲಿ ಹೆಸರು, ಮೆಸೇಜಿನ ನಮೂನೆ ನೋಂದಾಯಿಸುವ ಕಥೆ ಬೇರೆ, ಅದನ್ನು ಅವರೇ ಹೇಳಿಕೊಡುತ್ತಾರೆ. ಅವರು ಹೇಳದೆ ಬಿಡುವುದು ಎರಡು ಖಾನೆಗಳನ್ನು: ಯಾವಾಗ ಹೊರಡಬೇಕು, ಎಷ್ಟು ಹೊತ್ತಿಗೆ ಸಾಯಬೇಕು. ‘ಇವತ್ತು ಕಾವೇರಿ ನೀರು ಬರಲ್ಲ’ ಅನ್ನುವುದು ಮರುದಿನ ಸಿಕ್ಕರೆ ಜನ ಇನ್ನೊಂದು ಟ್ಯಾಂಕರ್ ತರಿಸುತ್ತಾರೆ. ಅಂಥದಕ್ಕೆ ಆರು ಗಂಟೆಗಿಂತ ಹೆಚ್ಚು ಆಯಸ್ಸು ಕೊಡಬೇಡಿ.

ಎಸ್‌ಎಂಪಿಪಿ ಅನ್ನುವ ದಾರಿಯಲ್ಲಿ ನೇರವಾಗಿ ಕಳಿಸುವ ಪ್ರೋಗ್ರಾಮರ್ ನಿಮ್ಮಲ್ಲಿದ್ದರೆ ಅವರಿಗೆ ಇಷ್ಟು ಹೇಳಿ: ಸಮಯವನ್ನು ವರ್ಷ, ತಿಂಗಳು, ದಿನ, ಗಂಟೆ, ನಿಮಿಷ, ಸೆಕೆಂಡು ಬರೆದ ಮೇಲೆ ಕೊನೆಗೆ 022+ ಹಾಕಬೇಕು, ಅದೇ 22 ಕಾಲು ಗಂಟೆ. ಒಂದು ಕಡೆ 000+ ಹಾಕಿದ್ದರು. ಬೆಳಗ್ಗೆ 6ಕ್ಕೆ ಹೋಗಬೇಕಿದ್ದ ‘7 ಗಂಟೆಗೆ ಸಂಪು ತೊಳೀತೀವಿ, ನೀರು ಹಿಡಿದಿಟ್ಟುಕೊಳ್ಳಿ’ ಅನ್ನುವ ಮೆಸೇಜು 11:30ಕ್ಕೆ ಹೋಯಿತು. ತಲೆಗೆ ಶಾಂಪೂ ಹಾಕಿಕೊಂಡವರು ಆಗಲೇ ಅಸೋಸಿಯೇಷನ್ ಸೆಕ್ರೆಟರಿ ಮನೆ ಬಾಗಿಲಲ್ಲಿದ್ದರಂತೆ. ‘ಈಗಿನಿಂದ 10 ನಿಮಿಷ’ ಅಂತ ಕೊಡಬೇಕಾದರೆ 000000001000000 ಬರೆದು ಕೊನೆಗೆ ಇಂಗ್ಲಿಷಿನ ಆರ್ ಅಕ್ಷರ. ಆಗ ಐದೂವರೆ ಗಂಟೆಯ ತಾಪತ್ರಯವೇ ಇಲ್ಲ.

ಟೇಬಲ್ ಮೇಲೆ ಪರೀಕ್ಷೆ

ಬೋರ್ಡನ್ನು ತೋಟಕ್ಕೆ ಒಯ್ಯುವ ಮುಂಚೆ ಮೋಟರಿನ ಜಾಗದಲ್ಲಿ ಒಂದು ಬಲ್ಬು ಕಟ್ಟಿ. ಇನ್ನೊಂದು ಮಾಡ್ಯೂಲಿನಿಂದ ಕಳಿಸಿ, ಯಾಕೆಂದರೆ ಅದರಲ್ಲಿ ಅವಧಿ ನಿಮ್ಮ ಕೈಲಿರುತ್ತದೆ. ಮೊದಲು ಬೋರ್ಡಿನ ಪ್ಲಗ್ಗು ಕಿತ್ತುಬಿಡಿ. ಅವಧಿ 0 ಹಾಕಿ ಒಂದು ಮೆಸೇಜು, 167 ಹಾಕಿ ಇನ್ನೊಂದು, ಎರಡರಲ್ಲೂ ಬೇರೆ ಬೇರೆ ಗುರುತು ಬರೆದು ಕಳಿಸಿ, ಎರಡಕ್ಕೂ 49 ಹಾಕಿ ರಿಪೋರ್ಟ್ ಕೇಳಿ. ಕೆಳಗೆ ಹೋಗಿ ಟೀ ಕುಡಿದು ಬನ್ನಿ, ಕಾಲು ಗಂಟೆಯಾದರೂ ಆಗಲಿ. ಮೊದಲನೆಯದಕ್ಕೆ 70 ಬಂದಿರಬೇಕು. ಬಂದಿಲ್ಲದಿದ್ದರೆ ನಿಮ್ಮ ಕಂಪನಿ 5 ನಿಮಿಷಕ್ಕೆ ಬಗ್ಗುವುದಿಲ್ಲ. 11 ಹಾಕಿ ಒಂದೂಕಾಲು ಗಂಟೆ ಬಿಟ್ಟು ನೋಡಿ. ಬೋರ್ಡಿನ ಸಿಮ್ಮು, ಕಳಿಸುವ ಸಿಮ್ಮು ಬೇರೆ ಬೇರೆ ಕಂಪನಿಯದಾದರೆ ಅವಧಿ ಲೆಕ್ಕ ಇಡುವುದು ಕಳಿಸುವವರ ಕಂಪನಿಯ ಸೆಂಟರು, ಅದು ನೆನಪಿರಲಿ.

ಈಗ ಬೋರ್ಡಿನ ಪ್ಲಗ್ಗು ಹಾಕಿ. 167ರ ಮೆಸೇಜು ಬರುತ್ತದೆ, ಬರಲೇಬೇಕು. ಬಂದಾಗ ಬಲ್ಬು ಹತ್ತಬಾರದು. ‘ಹಳೇ ಮೆಸೇಜು’ ಅನ್ನುವ ಉತ್ತರ ಮಾತ್ರ ಬರಬೇಕು. ಇದನ್ನು ನಾನು ಮೂರು ದಿನ, ಮೂರು ಬೇರೆ ಹೊತ್ತಿನಲ್ಲಿ ಮಾಡುತ್ತೇನೆ, ಒಂದು ಸಲ ರಾತ್ರಿ ಕಳಿಸಿ ಬೆಳಗ್ಗೆ ಪ್ಲಗ್ಗು ಹಾಕುತ್ತೇನೆ. ಮೂರನೇ ದಿನವೂ ಬಲ್ಬು ಹತ್ತಲಿಲ್ಲ ಅಂದರೆ ಬೋರ್ಡನ್ನು ಪೆಟ್ಟಿಗೆಗೆ ಹಾಕಿ ಸ್ಕ್ರೂ ಬಿಗಿಯುತ್ತೇನೆ. ಪೆಟ್ಟಿಗೆ ಕೆಳಗಿಳಿಸುವಾಗ ಅಪ್ಪ ಕಾಯಿಲ್ ಸುತ್ತುತ್ತಲೇ ಕೇಳುತ್ತಾರೆ, “ಬಲ್ಬು?”